ಬಸ್ಸು ನಿಲ್ಲುವುದು ಟೈಲರ್ ಅಂಗಡಿ ಮುಂದೆ

ನಮ್ಮ ಪ್ರಾಜೆಕ್ಟಿನಲ್ಲಿ ಜನ ನಗುವಂಥದ್ದು ಏನೂ ನಡೆಯದ ವಾರವೇ ಇಲ್ಲ. ನಾನು ಹೇಳಿದರೆ ಕೇಳಿದವರೆಲ್ಲ ನಗುತ್ತಾರೆ. ನನಗೆ ಮಾತ್ರ ಪ್ರತಿ ಸಲವೂ ಮೊದಲು ಬರುವುದು ಸಿಟ್ಟು. ನಗು ಬಂದರೂ ತಡವಾಗಿ ಬರುತ್ತದೆ. ಕೆಲವು ಸಲ ಬರುವುದೇ ಇಲ್ಲ.

ಪ್ರಾಜೆಕ್ಟಿನ ಹೆಸರು ಉದ್ದ. ಸುಸ್ಥಿರ ನಗರ ಸಾರಿಗೆ, ಹವಾಮಾನ ಬದಲಾವಣೆ, ಅಂತರರಾಷ್ಟ್ರೀಯ ಸಹಯೋಗ, ಮೂರೂ ಅದರೊಳಗಿವೆ. ಮೈಸೂರಿನ ಒಂದು ಸಂಸ್ಥೆಯೂ ಹೊರದೇಶದ ಒಂದು ವಿಶ್ವವಿದ್ಯಾಲಯವೂ ಸೇರಿ ನಡೆಸುತ್ತವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ಊರು ಮತ್ತು ಸುತ್ತಲಿನ ಹಳ್ಳಿಗಳ ಜನ ಹೇಗೆ ಓಡಾಡುತ್ತಾರೆ ಎಂದು ನೋಡಬೇಕು, ಹೊಗೆ ಕಡಿಮೆ ಮಾಡುವ ದಾರಿ ಹೇಳಬೇಕು. ನಾನು ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳು. ಇಲ್ಲಿ ಕ್ಷೇತ್ರ ಸಹಾಯಕಿ. ಅಂದರೆ ರಸ್ತೆ ಬದಿಯಲ್ಲಿ ನಿಂತು ಎಣಿಸುವವಳು.

ನಮ್ಮೂರು ಹೊಸಹೊಳಲಿನಿಂದ ಆಚೆ. ಬೆಳಿಗ್ಗೆ ಒಂದು ಸರ್ಕಾರಿ ಬಸ್ಸು ಕೆ.ಆರ್. ಪೇಟೆಗೆ ಹೋಗುತ್ತದೆ. ಅದು ತಪ್ಪಿದರೆ ಮಧ್ಯಾಹ್ನವೇ. ನನ್ನ ಅತ್ತಿಗೆ ಬೆಳಗಿನ ಬಸ್ಸಿಗೆ ಹೋಗಿ ಪೇಟೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ಅಣ್ಣ ಹಾಲಿನ ವ್ಯಾನು ಓಡಿಸುತ್ತಾನೆ, ನಸುಕಿಗೇ ಹೋಗಿರುತ್ತಾನೆ. ಅತ್ತಿಗೆಗೆ ಬಸ್ಸು ಬಿಟ್ಟರೆ ಬೇರೆ ದಾರಿಯಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲೇ ನಮ್ಮ ಸಾರ್, ಅಂದರೆ ಮೈಸೂರಿನ ಪ್ರೊಫೆಸರು, ಹೇಳಿದ್ದರು: "ಯಾವ ಬಸ್ಸು ಉಳಿಸಬೇಕು, ಯಾವುದನ್ನ ತೆಗೆದು ಬೇರೆ ಕಡೆಗೆ ಹಾಕಬೇಕು ಅಂತ ಡಿಪೋದವರು ನಮ್ಮ ವರದಿ ನೋಡಿ ತೀರ್ಮಾನ ಮಾಡ್ತಾರೆ. ಜವಾಬ್ದಾರಿಯ ಕೆಲಸ."

ಮನೆಯಲ್ಲಿ ಇದನ್ನು ಹೇಳಿದೆ. ಅವ್ವ ಮೊದಲಿನಿಂದಲೂ ಅತ್ತಿಗೆಯ ಕೆಲಸಕ್ಕೆ ಅಡ್ಡಗಾಲು. ತಕ್ಷಣ ಹೇಳಿದಳು: "ಬಸ್ ನಿಂತ್ರೆ ಗಾರ್ಮೆಂಟ್ಸೂ ನಿಂತಂಗೆ. ಕಂಡೋರ್ ಬೈಕಿನ್ ಇಂದೆ ಕೂತ್ಕಂಡು ದಿನಾ ಓಗಾದು ಬ್ಯಾಡ."

ಅತ್ತಿಗೆ ನನ್ನ ಕಡೆ ತಿರುಗಿ, "ಎಣ್ಸಾಳು ನೀನೇ ಅಲ್ವಾ ಅಮ್ಮಿ? ನಮ್ಮುನ್ನ ಮಾತ್ರ ಬುಟ್ಬುಡ್‌ಬ್ಯಾಡ" ಅಂದರು.

ಬಿಡುವುದಿಲ್ಲ ಎಂದೆ. ಎಣಿಸುವುದು ಸುಲಭ ಎಂದುಕೊಂಡಿದ್ದೆ.

ಗಾಡಿ ನಂಬರು

ಶುರುವಿನ ಸಭೆ ಶ್ರೀರಂಗಪಟ್ಟಣದ ಹೊಳೆದಂಡೆಯ ಒಂದು ದೊಡ್ಡ ಹೋಟೆಲಿನಲ್ಲಿ ನಡೆಯಿತು. ಜನರನ್ನು ಕಾರಿನಿಂದ ಇಳಿಸಿ ಬಸ್ಸಿಗೆ ಹತ್ತಿಸುವುದು ಹೇಗೆ ಎಂಬುದು ವಿಷಯ. ಹೋಟೆಲಿನವರೆಗೆ ಬಸ್ಸಿಲ್ಲ. ನಾನು ಬಸ್‌ಸ್ಟ್ಯಾಂಡಿನಿಂದ ನಡೆದುಕೊಂಡು ಹೋದೆ. ಗೇಟಿನಲ್ಲಿ ಕಾವಲಿನವರು ತಡೆದರು.

"ಗಾಡಿ ನಂಬರ್ ಏಳವ್ವ."

"ಗಾಡಿ ಇಲ್ಲ. ಬಸ್ಸಲ್ಲಿ ಬಂದೆ."

"ಅಂಗಾಗಕಿಲ್ಲ. ಮೀಟಿಂಗ್‌ಗೆ ಬಂದೋರ್ದೆಲ್ಲ ಗಾಡಿ ನಂಬರ್ ಬರ್ಕಬೇಕು ಅಂತ ಆರ್ಡರ್ ಆಗದೆ. ನಂಬರ್ ಇಲ್ದೆ ಒಳಿಕ್ ಬುಟ್ರೆ ನನ್ಗೆ ಬಾಯಿಗ್ ಬಂದಂಗೆ ಬಯ್ತಾರೆ."

ಅಷ್ಟರಲ್ಲಿ ಕಾರುಗಳು ಒಂದರ ಹಿಂದೆ ಒಂದು ಬಂದವು. ಒಂದೊಂದರಲ್ಲೂ ಒಬ್ಬೊಬ್ಬರೇ. ನಂಬರು ಬರೆಸಿ ಒಳಗೆ ಹೋದರು. ಅವರಲ್ಲಿ ಒಬ್ಬರು ಗಾಜು ಇಳಿಸಿ, "ಏನಮ್ಮ, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ? ಒಳಗೆ ಬನ್ನಿ" ಎಂದು ಹೇಳಿ, ಗಾಜು ಏರಿಸಿಕೊಂಡು ಹೊರಟೇಹೋದರು.

ಉದ್ಘಾಟನೆ ಶುರುವಾಗಿ ಚಪ್ಪಾಳೆ ಕೇಳಿಸಿತು. ನನಗೆ ಮೈ ಉರಿಯಿತು. ನಾನು ಇಳಿದ ಬಸ್ಸಿನ ನಂಬರು ನೆನಪಿತ್ತು. ಅದನ್ನೇ ಹೇಳಿದೆ. ಕಾವಲಿನವರು ಸಮಾಧಾನವಾಗಿ ಬರೆದುಕೊಂಡು ಗೇಟು ತೆಗೆದರು. ನಾಲ್ಕು ಹೆಜ್ಜೆ ಹೋಗಿದ್ದೆ, ಹಿಂದಿನಿಂದ ಕೂಗಿದರು:

"ಅವ್ವಾ, ಗಾಡಿ ಎಲ್ ನಿಲ್ಸಿದ್ದೀಯಾ? ಅಡ್ಡ ಇದ್ರೆ ಒಸಿ ಪಕ್ಕಕ್ ಆಕ್ಬುಡು."

ಪಾರ್ಕು

ಹೊರದೇಶದ ವಿಶ್ವವಿದ್ಯಾಲಯದ ಪ್ರೊಫೆಸರು ಒಬ್ಬ ಹೆಂಗಸು. ಎತ್ತರದ ಆಳು, ಮೆತ್ತಗಿನ ಮಾತು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಅವರ ಕಡೆಯವರು ಉಪಗ್ರಹದ ಚಿತ್ರ ನೋಡಿ ನಮ್ಮ ನಾಲ್ಕೂ ಊರುಗಳ ನಕ್ಷೆ ಮಾಡಿ ಕಳಿಸಿದ್ದರು. ಪಾಂಡವಪುರದ ಸುತ್ತ ಕಣ್ಣು ಕುಕ್ಕುವ ಹಾಗೆ ಹಸಿರು. ಆ ಹಸಿರಿನ ಹೆಸರು, "ಜನ ನಡೆದಾಡಬಹುದಾದ ಸಾರ್ವಜನಿಕ ಉದ್ಯಾನ."

ನಾನು ಸಾರ್‌ಗೆ ಹೇಳಿದೆ. "ಸಾರ್, ಅದು ಕಬ್ಬು."

"ಇರಬಹುದಮ್ಮ. ಆದರೆ ಅವರ ವರ್ಗೀಕರಣದಲ್ಲಿ ಕಬ್ಬು ಅಂತ ಇಲ್ಲ."

ಮೇಡಂ ಬಂದ ಮರುದಿನವೇ ಉದ್ಯಾನ ನೋಡಬೇಕೆಂದರು. ಸಾರ್ ಬೇಡವೆನ್ನಲಿಲ್ಲ. ಬೇಡವೆನ್ನಲು ನಕ್ಷೆ ತಪ್ಪೆಂದು ಒಪ್ಪಬೇಕಾಗಿತ್ತು. ಹಾಗಾಗಿ ನಾವು ಮೂವರೂ ನಾಲೆಯ ಏರಿ ಇಳಿದು ಬದುವಿನ ಮೇಲೆ ನಡೆದು ಕಬ್ಬಿನ ಮುಂದೆ ನಿಂತೆವು. ಮೇಡಂ ನಕ್ಷೆ ನೋಡಿದರು, ಕಬ್ಬು ನೋಡಿದರು. ಒಳಗೆ ದಾರಿ ಇರಬೇಕೆಂದು ಗರಿ ಸರಿಸಿಕೊಂಡು ನುಗ್ಗಿಯೇಬಿಟ್ಟರು. ಸಾರ್ ಅವರ ಹಿಂದೆ.

"ಯಾವನ್ಲಾ ಅವ್ನು ಕಬ್ಬಿನೊಳಿಕೆ ನುಗ್ಗಾದು!"

ಗದ್ದೆಯ ಯಜಮಾನರು. ಕೈಯಲ್ಲಿ ಕುಡುಗೋಲು, ಮೊಣಕಾಲವರೆಗೆ ಕೆಸರು. ಸಾರ್ ಕೆನ್ನೆಯ ಮೇಲೆ ಗರಿ ಗೀರಿದ ಗೆರೆಗಳ ಸಮೇತ ಈಚೆ ಬಂದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರ ಜಮೀನು ನಕ್ಷೆಯಲ್ಲಿ ಪಾರ್ಕು ಎಂದಾಗಿದೆ, ಇವರು ಪಾರ್ಕು ನೋಡಲು ಬಂದಿದ್ದಾರೆ. ಕುಡುಗೋಲು ಬೀಸುತ್ತಾರೆಂದುಕೊಂಡಿದ್ದೆ. ಯಜಮಾನರು ಬದುವಿನ ಮೇಲೆ ಕೂತು ಬೀಡಿ ಹಚ್ಚಿದರು.

"ಪಾರ್ಕು ಅಂತ ಬರೆದಾಗ್ಬುಟ್ಟದಾ?"

"ಹೂಂ."

"ಅಳಿಸಾಕಾಗಕಿಲ್ವಾ?"

"ಸದ್ಯಕ್ಕಿಲ್ಲ."

"ಅಂಗಾರೆ ಒಂದ್ ಕೆಲ್ಸ ಮಾಡವ್ವ. ಪಾರ್ಕಿನ್ ಮಾಲಿ ಅಂತ ನನ್ ಎಸ್ರು ಸೇರ್ಸು. ಕಬ್ಬು ಬೆಳ್ದು ಸಂಬ್ಳ ಕಂಡಿಲ್ಲ, ಪಾರ್ಕಲ್ಲಾದ್ರೂ ಕಾಣಾನ."

ಹೊಗೆ ಬಿಡದ ಬೆಳಗು

ಜನರಲ್ಲಿ ಅರಿವು ಮೂಡಿಸುವುದೂ ಪ್ರಾಜೆಕ್ಟಿನ ಒಂದು ಭಾಗ. ಅದಕ್ಕೆ ಶ್ರೀರಂಗಪಟ್ಟಣದ ಕೋಟೆಯೊಳಗಿನ ಒಂದು ಬೀದಿಯಲ್ಲಿ "ಹೊಗೆರಹಿತ ಬೆಳಗು" ಏರ್ಪಾಡಾಯಿತು. ಬೀದಿಗೆ ಎರಡೂ ಕಡೆ ಹಗ್ಗ ಕಟ್ಟಿದರು. ಎಲ್ಲರೂ ಸೈಕಲ್ ತುಳಿಯಬೇಕು. ಸೈಕಲುಗಳು ಮೈಸೂರಿನಿಂದ ಲಾರಿಯಲ್ಲಿ ಬಂದವು. ಮೈಕಿಗೆ ಡೀಸೆಲ್ ಜನರೇಟರು ಬಂತು. ಅದು ಗುಡುಗುಡು ಅನ್ನುತ್ತ ಕಪ್ಪಗೆ ಕಾರುತ್ತ ನಿಂತಿತು. ಭಾಷಣ ಮಾಡುವವರು ಅದರ ಸದ್ದಿಗೆ ಮೀರಿ ಕೂಗಬೇಕಾಯಿತು.

ಹಗ್ಗದೊಳಗೆ ಒಂದೇ ಒಂದು ಆಟೋ ಸಿಕ್ಕಿಹಾಕಿಕೊಂಡಿತ್ತು. ಅದರ ಚಾಲಕರು ಗಡ್ಡ ನರೆತ ಸಾಬರು. ಅವತ್ತಿನ ಮೊದಲ ಟ್ರೇನಿನ ಜನ ಅವರಿಗೆ ತಪ್ಪಿಹೋಗಿದ್ದರು. ಸಾರ್‌ಗೆ ಫೋಟೋದಲ್ಲಿ ಒಬ್ಬ ಆಟೋದವರು ಬೇಕಿತ್ತು. ಒಂದು ಫಲಕ ಅವರ ಕೈಗೆ ಕೊಟ್ಟರು. "ಇಂದು ನಾನು ಹೊಗೆ ಬಿಡುವುದಿಲ್ಲ" ಎಂದು ಬರೆದಿತ್ತು.

"ಸಾಬ್, ನಂದು ಬ್ಯಾಟರಿ ಗಾಡಿ. ಯಾವತ್ತೂ ಹೊಗೆ ಬಿಡಲ್ಲ."

"ಪರವಾಗಿಲ್ಲ, ಹಿಡೀರಿ. ಫೋಟೋಗೆ."

"ಹಿಡೀತೀನಿ. ಹಗ್ಗ ಯಾವಾಗ ಬಿಚ್ತೀರಾ? ಎರಡನೇ ಟ್ರೇನೂ ಬರೋ ಟೈಮ್ ಆಯ್ತು."

"ಇನ್ನೊಂದು ಭಾಷಣ ಇದೆ."

ಸಾಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಆಮೇಲೆ ಅವರು ಫಲಕ ತೆಗೆದುಕೊಂಡು ನೆಟ್ಟಗೆ ಜನರೇಟರಿನ ಹತ್ತಿರ ಹೋದರು. ಅದರ ಹೊಗೆ ಕೊಳವೆಗೆ ಫಲಕ ಒರಗಿಸಿ ನಿಲ್ಲಿಸಿ, ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತರು.

"ಈಗ ತೆಗೀರಿ ಸಾಬ್ ಫೋಟೋ. ಈ ಹುಡುಗನಿಗೆ ಬುದ್ಧಿ ಹೇಳಿ ಹೇಳಿ ನಂಗೂ ಸಾಕಾಯ್ತು."

ದಟ್ಟಣೆ

ಅತ್ತಿಗೆ ದಿನಾ ಸಂಜೆ ಕೇಳುತ್ತಿದ್ದರು. "ನಮ್ ಬಸ್ಸಿನ್ ಕತೆ ಏನಾಯ್ತಮ್ಮಿ?" ಇನ್ನೂ ನಮ್ಮೂರಿನ ಸರದಿ ಬಂದಿಲ್ಲ, ಈಗ ನಾಗಮಂಗಲದ ಕಡೆ ಮಿಷಿನ್ನು ಹಾಕಿ ವಾಹನ ಎಣಿಸುತ್ತಿದ್ದಾರೆ ಎಂದೆ. "ಎಣ್ಸಾದು ಮಿಷಿನ್ನಾ? ಅಂಗಾರೆ ಸರ್ಯಾಗಿರ್ತದೆ ಬುಡು" ಅಂದರು.

ಮಿಷಿನ್ನು ಎಂದರೆ ರಸ್ತೆಗೆ ಅಡ್ಡಲಾಗಿ ಹಾಸಿದ ಕಪ್ಪು ರಬ್ಬರ್ ಕೊಳವೆ. ಚಕ್ರ ಅದರ ಮೇಲೆ ಹತ್ತಿಳಿದರೆ ಲೆಕ್ಕ ಬೀಳುತ್ತದೆ. ಯಾವ ರಸ್ತೆಗೆ ಬಸ್ಸು ಬೇಕು, ಯಾವುದಕ್ಕೆ ಬೇಡ ಎಂದು ಹೇಳುವುದರಲ್ಲಿ ಈ ಎಣಿಕೆಯೂ ಸೇರುತ್ತದೆ. ಕೊಳವೆ ಹೊರದೇಶದಿಂದ ಬಂದಿತ್ತು. ಹುರುಳಿ ಕಟಾವಿನ ಕಾಲದಲ್ಲಿ ನಾಗಮಂಗಲದ ರಸ್ತೆಗಳು ಕಣವಾಗುತ್ತವೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ.

ಹುರುಳಿ ಗಿಡ ಕಿತ್ತು ತಂದು ಟಾರಿನ ಮೇಲೆ ಹರಡುತ್ತಾರೆ. ಬಸ್ಸು, ಲಾರಿ, ಕಾರು ತುಳಿದುಕೊಂಡು ಹೋಗುತ್ತವೆ. ಕಾಳು ಬಿಡಿಸಿಕೊಳ್ಳುತ್ತದೆ. ಬೈಕು ಜಾರುತ್ತದೆ, ಕಾರಿನಡಿ ಹೊಟ್ಟು ಸಿಕ್ಕಿ ಬೆಂಕಿ ಹತ್ತುವ ಭಯವೂ ಇದೆ. ಎಷ್ಟು ಹೇಳಿದರೂ ಬಿಡುವುದಿಲ್ಲ. ಅವತ್ತು ನಮ್ಮ ಕೊಳವೆಯ ಮೇಲೂ ಹುರುಳಿ ಬಿದ್ದಿತ್ತು. ಸಾರ್ ಕಾರು ನಿಧಾನ ಮಾಡಿದರು. ಮೊರ ಹಿಡಿದ ಒಬ್ಬ ಅಜ್ಜಿ ಅಡ್ಡ ಬಂದು ನಿಂತಳು.

"ನಿಂತ್ಕಬ್ಯಾಡ ಕಣಪ್ಪ. ಬಾ, ಬಾ, ಇಂಗ್ ಬಾ."

ಸಾರ್ ಮುಂದೆ ಹೋದರು.

"ಈಗ ಇಂದಿಕ್ಕೆ ಬಾ. ಆ ಅಂಚಿನ್ ಗಿಡ ಒಂದೂ ತುಳ್ದಿಲ್ಲ ನೀನು."

ಮೈಸೂರಿನ ಪ್ರೊಫೆಸರು ಯಾಕೆ ಹಿಂದೆ ಬಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಜ್ಜಿಯ ದನಿ ಅಂಥದ್ದು. ಮುಂದೆ, ಹಿಂದೆ, ಮತ್ತೆ ಮುಂದೆ. ನಮ್ಮ ಕಾರು ಮುಗಿಸುವಷ್ಟರಲ್ಲಿ ಹಿಂದೆ ಬಂದ ಟೆಂಪೋ ಸಿಕ್ಕಿಬಿತ್ತು. ಆಮೇಲೆ ಇನ್ನೊಂದು ಕಾರು. ಅಜ್ಜಿ ಯಾರನ್ನೂ ಒಂದೇ ಸುತ್ತಿಗೆ ಬಿಡುತ್ತಿರಲಿಲ್ಲ.

"ಸಾರ್, ಕೊಳವೆ ಇದನ್ನೆಲ್ಲ ಎಣಿಸ್ತಿದೆ" ಅಂದೆ.

"ಎಣಿಸಲಿ. ಯಂತ್ರದ ಕೆಲಸಕ್ಕೆ ನಾವು ಕೈ ಹಾಕಬಾರದು."

ಫಲಿತಾಂಶ ಹೊರದೇಶದಿಂದ ಬಂತು. ನಾಲ್ಕೂ ತಾಲ್ಲೂಕಿನಲ್ಲಿ ಅತಿ ಹೆಚ್ಚು ದಟ್ಟಣೆ ಅಲ್ಲೇ, ಆ ಅಜ್ಜಿಯ ಊರ ಮುಂದೆ. ಮೇಲ್ಸೇತುವೆ ಕಟ್ಟುವುದನ್ನು ಪರಿಶೀಲಿಸಬೇಕಂತೆ. ಕೊಳವೆ ಬಿಚ್ಚಿ ತರಲು ಹೋದಾಗ ಸಿಟ್ಟಿಗೆ ಅಜ್ಜಿಗೆ ಹೇಳಿಯೇಬಿಟ್ಟೆ. "ನಿನ್ನಿಂದ ಇಲ್ಲೊಂದು ಮೇಲ್ಸೇತುವೆ ಬರುತ್ತೆ ಕಣಜ್ಜಿ. ಗಾಡಿಗಳೆಲ್ಲ ಆಕಾಶದಲ್ಲಿ ಹೋಗುತ್ತವೆ."

ಅಜ್ಜಿ ಮೊರ ಕೆಳಗಿಟ್ಟಳು. ನಿಜವಾಗಿ ಗಾಬರಿಯಾಗಿತ್ತು.

"ಬ್ಯಾಡ ಅನ್ನಮ್ಮಿ! ಗಾಡಿಗೋಳೆಲ್ಲ ಮ್ಯಾಲ್ ಓಗ್ಬುಟ್ರೆ ನನ್ ಉಳ್ಳಿ ತುಳ್ಯೋರ್ ಯಾರು?"

ಕ್ಯಾಮೆರಾ ಕಂಡದ್ದು

ಕೊನೆಗೆ ನಮ್ಮೂರಿನ ಸರದಿ. ಬಸ್ಸಿಗೆ ಕಾಯುವವರನ್ನು ಎಣಿಸಲು ಬಸ್ ಶೆಲ್ಟರಿನ ಎದುರು ಕಂಬಕ್ಕೆ ಕ್ಯಾಮೆರಾ ಕಟ್ಟಿದರು. ಶೆಲ್ಟರಿನ ಎದುರೇ ಕಟ್ಟಬೇಕೆಂದು ಹೊರದೇಶದ ಸೂಚನೆ. ನಾನು ಅವತ್ತು ಪಾಂಡವಪುರದಲ್ಲಿದ್ದೆ. ಊರಲ್ಲಿ ಇದ್ದಿದ್ದರೆ ಕಟ್ಟಲು ಬಿಡುತ್ತಿರಲಿಲ್ಲ. ಆಮೇಲೆ ಹೇಳಿದ್ದಕ್ಕೆ, ಕಟ್ಟಿಯಾಗಿದೆ, ಇನ್ನು ಮುಟ್ಟಬಾರದು ಅಂದರು.

ಯಾಕೆಂದರೆ ನಮ್ಮೂರಲ್ಲಿ ಬಸ್ಸು ನಿಲ್ಲುವುದು ಶೆಲ್ಟರಿನ ಮುಂದಲ್ಲ. ಅದನ್ನು ದಾಟಿ, ತಿರುವಿನಾಚೆ, ಟೈಲರ್ ಅಂಗಡಿಯ ಮುಂದೆ. ಶೆಲ್ಟರು ಕಟ್ಟುವ ಎಷ್ಟೋ ಮೊದಲಿನಿಂದ ಅಲ್ಲೇ ನಿಲ್ಲುತ್ತಿದೆ. ಟೈಲರ್ ಅಂಗಡಿಗೆ ಜಗಲಿಯಿದೆ, ನೆರಳಿದೆ. ಗಾರ್ಮೆಂಟ್ಸಿನ ಹೆಂಗಸರು ಅಲ್ಲೇ ಕೂತು ತಲೆ ಬಾಚಿಕೊಳ್ಳುತ್ತಾರೆ, ಡಬ್ಬಿ ಮುಚ್ಚಳ ಬಿಗಿ ಮಾಡಿಕೊಳ್ಳುತ್ತಾರೆ. ಶೆಲ್ಟರಿನಲ್ಲಿ ಇರುವುದು ಅದರ ಹಿಂದಿನ ಮನೆಯ ಗೌಡರ ರಾಗಿ ಹುಲ್ಲು.

ಕ್ಯಾಮೆರಾ ಒಂದು ತಿಂಗಳು ರಾಗಿ ಹುಲ್ಲು ನೋಡಿತು. "ಈ ನಿಲ್ದಾಣದಲ್ಲಿ ಪ್ರಯಾಣಿಕರೇ ಇಲ್ಲ. ಬೆಳಗಿನ ಬಸ್ಸನ್ನು ಬೇಡಿಕೆಯಿರುವ ಮಾರ್ಗಕ್ಕೆ ಬದಲಿಸಬಹುದು" ಎಂದು ಬಂತು.

ನಾನು ಸಾರ್ ಹತ್ತಿರ ಹೋದೆ. ದನಿ ಏರಿಸಬಾರದೆಂದುಕೊಂಡೇ ಹೋಗಿದ್ದೆ. ಆಗಲಿಲ್ಲ.

"ಆ ಬಸ್ಸಲ್ಲಿ ನಿಲ್ಲೋಕೂ ಜಾಗ ಇರೋದಿಲ್ಲ ಸಾರ್. ನಾನೇ ಅದರಲ್ಲಿ ಬರ್ತೀನಿ."

"ನೀನು ಬರೋದು ಅನುಭವ. ಕ್ಯಾಮೆರಾ ಕಾಣೋದು ಮಾಹಿತಿ."

"ಕಂಡಕ್ಟರ ಟಿಕೆಟ್ ಮಿಷಿನ್ ನೋಡಿ. ಅದರಲ್ಲಿದೆ."

"ಟಿಕೆಟ್ಟಿನ ಲೆಕ್ಕ ನಮ್ಮ ಒಪ್ಪಂದದಲ್ಲಿಲ್ಲಮ್ಮ. ಮಧ್ಯದಲ್ಲಿ ವಿಧಾನ ಬದಲಿಸಿದರೆ ಅವರು ಒಪ್ಪಲ್ಲ."

ಡಿಪೋದ ಅಧಿಕಾರಿಯ ಹತ್ತಿರವೂ ಹೋದೆ. ಅವರು ಟಿಕೆಟ್ಟಿನ ಲೆಕ್ಕ ಬಲ್ಲವರು. "ನೋಡಮ್ಮ, ಹತ್ತೋರೆಲ್ಲ ಹೆಂಗಸರು. ಹೆಂಗಸರಿಗೆ ಬಸ್ಸು ಫ್ರೀ. ಫ್ರೀಯಾಗಿ ಹತ್ತೋದನ್ನ ಬೇಡಿಕೆ ಅಂತ ಹೇಗೆ ಹೇಳೋದು?" ಅಂದರು. ಹಾಗೆ ಅಂದು ನನಗೆ ಟೀ ಹೇಳಿದರು. ನಾನು ಕುಡಿಯದೆ ಎದ್ದು ಬಂದೆ.

ಸುದ್ದಿ ಮನೆಗೆ ತಲುಪಿತ್ತು. ಅವ್ವ ಗೆದ್ದವಳಂತೆ ಅಕ್ಕಿ ಕೇರುತ್ತಿದ್ದಳು. ಅತ್ತಿಗೆ ಒಂದೇ ಮಾತು ಕೇಳಿದರು.

"ಒಂದ್ ತಿಂಗ್ಳು ಹುಲ್ ನೋಡ್ದೋರು, ಒಂದ್ ದಿನ ಕ್ಯಾಮ್ರಾ ಈ ಕಡೀಕ್ ತಿರುಗಿಸ್ನಿಲ್ವಾ?"

"ತಿರುಗಿಸೋಕೆ ಹೊರದೇಶದ ಒಪ್ಪಿಗೆ ಬೇಕಂತೆ."

"ಕತ್ತು ತಿರುಗ್ಸಾಕೂ ಕೇಳ್ತಾರಾ?"

ನಾವೆಲ್ಲ ಶೆಲ್ಟರಿನಲ್ಲಿ ನಿಂತ ದಿನ

ಬಸ್ಸು ತೆಗೆಯುವ ಮೊದಲು ಒಂದು ಸಲ ಸ್ಥಳ ಪರಿಶೀಲನೆ ಎಂದಾಯಿತು. ಮೇಡಂ, ಸಾರ್, ಡಿಪೋದ ಅಧಿಕಾರಿ ಮೂವರೂ ಬೆಳಗಿನ ಬಸ್ಸಿನ ಹೊತ್ತಿಗೆ ನಮ್ಮೂರಿಗೆ ಬರುತ್ತಾರೆ. ಕ್ಯಾಮೆರಾ ಇನ್ನೂ ಕಂಬದಲ್ಲೇ ಇತ್ತು. ಜನ ಶೆಲ್ಟರಿನಲ್ಲಿ ಕಂಡರೆ ಮತ್ತೆ ಯೋಚಿಸಬಹುದು ಎಂದು ಸಾರ್ ಹೇಳಿದ್ದರು.

ನಾನು ಅತ್ತಿಗೆಗೆ ಹೇಳಿದೆ. "ನಾಳೆ ಒಂದು ದಿನ ಜಗಲಿ ಬೇಡ. ಎಲ್ಲರೂ ಶೆಲ್ಟರಿನೊಳಗೇ ನಿಲ್ಲಬೇಕು."

ಅತ್ತಿಗೆ ಇಡೀ ಬೀದಿಗೆ ಹೇಳಿದರು. ಗೌಡರು ಗೊಣಗುತ್ತ ಹುಲ್ಲು ತೆಗೆದರು. "ಎಷ್ಟೊತ್ ಗಂಟ?" ಎಂದರು. "ಬಸ್ ಬರಗಂಟ" ಎಂದು ಅತ್ತಿಗೆ ಸಮಾಧಾನ ಮಾಡಿದರು. ಬೆಳಿಗ್ಗೆ ಗಾರ್ಮೆಂಟ್ಸಿನ ಹೆಂಗಸರೆಲ್ಲ ಒಳ್ಳೊಳ್ಳೆ ಸೀರೆ ಉಟ್ಟು ಬಂದರು. ಎಲ್ಲೂ ಹೋಗಬೇಕಿಲ್ಲದ ಅತ್ತೆಯರೂ ಬಂದರು. ಅವ್ವನೂ ಒಂದು ಚೀಲ ಹಿಡಿದು ಬಂದು ನಿಂತಳು. ನೀನ್ಯಾಕೆ ಎಂದೆ. "ಎಣ್ಕೆಗೆ ಒಂದ್ ತಲೆ ಆಯ್ತದೆ ಸುಮ್ಕಿರು" ಅಂದಳು. ಟೈಲರು ಕೂಡ ತಮಾಷೆ ನೋಡಲು ಅಂಗಡಿಗೆ ಬೀಗ ಹಾಕಿಕೊಂಡು ಬಂದ. ಶೆಲ್ಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ಮೂರು ವಾಹನ ಬಂದವು. ಎರಡು ಕಾರು, ಒಂದು ಜೀಪು. ಡ್ರೈವರನ್ನು ಬಿಟ್ಟರೆ ಒಂದೊಂದರಲ್ಲೂ ಒಬ್ಬೊಬ್ಬರೇ. ಮೇಡಂ ಜನ ನೋಡಿ ಖುಷಿಯಾದರು. ಸಾರ್ ಕೂಡ ನನ್ನ ಕಡೆ ನೋಡಿ ತಲೆದೂಗಿದರು. ನನಗೆ ಮೊದಲ ಸಲ ಈ ಕೆಲಸ ಸಾರ್ಥಕ ಅನ್ನಿಸಿತು.

ಬಸ್ಸು ಬಂತು. ದಿನಾ ಬರುವ ವೇಗದಲ್ಲೇ ಬಂತು. ಶೆಲ್ಟರಿನ ಮುಂದೆ ಧೂಳೆಬ್ಬಿಸಿಕೊಂಡು ಹಾದು, ತಿರುವು ದಾಟಿ, ಟೈಲರ್ ಅಂಗಡಿಯ ಮುಂದೆ ನಿಂತಿತು. ಜಗಲಿ ಖಾಲಿ, ಅಂಗಡಿಗೆ ಬೀಗ. ಒಂದು ಹಾರನ್ನು ಹೊಡೆಯಿತು. ಹೊರಟುಹೋಯಿತು.

ಊರಿಗೆಲ್ಲ ಹೇಳಿದ್ದೆ. ಬಸ್ಸಿನವರಿಗೆ ಹೇಳಿರಲಿಲ್ಲ.

ಹೆಂಗಸರು ಸೀರೆ ಎತ್ತಿಕಟ್ಟಿ ಓಡಿದರು. ಅತ್ತಿಗೆ ಚಪ್ಪಲಿ ಕೈಯಲ್ಲಿ ಹಿಡಿದು ಎಲ್ಲರಿಗಿಂತ ಮುಂದೆ ಓಡಿದರು. ಸಿಗಲಿಲ್ಲ. ಆಮೇಲೆ ಕಂಡಕ್ಟರು ಹೇಳಿದ್ದು ಇಷ್ಟು. "ಯಾವ್ದೋ ಮದ್ವೆ ದಿಬ್ಣ ಅನ್ಕಂಡೆ ಕಣವ್ವ. ಆ ಶೆಲ್ಟರ್‌ನಾಗೆ ಮನುಷ್ರು ನಿಂತಿದ್ದು ನಾನ್ ಯಾವತ್ ನೋಡಿವ್ನಿ?"

ಇತ್ತ ಡಿಪೋದ ಅಧಿಕಾರಿ ಸಾರ್‌ಗೆ ಹೇಳುತ್ತಿದ್ದರು. "ನೋಡಿದ್ರಾ ಸಾರ್? ಇಷ್ಟೊಂದು ಜನ ಇದ್ರೂ ಒಬ್ಬರೂ ಹತ್ತಲಿಲ್ಲ."

ಅತ್ತಿಗೆ ಏದುಸಿರು ಬಿಡುತ್ತ ವಾಪಸು ಬಂದಿದ್ದರು. ಅವರ ಕಿವಿಗೆ ಇದು ಬಿತ್ತು. ಮುಖ ಕೆಂಡವಾಗಿತ್ತು.

"ಅತ್ನಿಲ್ವಾ? ಸರಿ. ಈಗ ಅತ್ತೀವಿ ನೋಡಿ."

ಜೀಪಿನ ಬಾಗಿಲು ತೆಗೆದು ಹತ್ತಿ ಕೂತರು. "ಏ ಬನ್ರೇ! ಗಾರ್ಮೆಂಟ್ಸ್ ಗೇಟ್ ಆಕ್ಬುಟ್ರೆ ಇವತ್ತಿನ್ ಕೂಲಿ ಇವ್ರು ಕೊಟ್ಟಾರಾ?"

ಅಧಿಕಾರಿ, "ರೀ, ಸರ್ಕಾರಿ ಜೀಪು" ಎನ್ನುವಷ್ಟರಲ್ಲಿ ಅದು ತುಂಬಿತ್ತು. ಏನಾಗುತ್ತಿದೆ ಎಂದು ಮೇಡಂ ಕೇಳಿದರು. ನಾನು ಹೇಳಿದೆ. ಅವರು ತಮ್ಮ ಕಾರಿನ ಬಾಗಿಲನ್ನು ತಾವೇ ತೆಗೆದು ಹಿಡಿದರು. ಮೇಡಂ ಹಾಗೆ ನಿಂತ ಮೇಲೆ ಸಾರ್ ಏನು ಮಾಡುತ್ತಾರೆ? ಅವರದೂ ಹೋಯಿತು. ಹೆಂಗಸರು ಒಬ್ಬರ ತೊಡೆಯ ಮೇಲೆ ಒಬ್ಬರು ಕೂತರು. ಅವ್ವ ಕೂಡ ಚೀಲದ ಸಮೇತ ಹತ್ತಿದಳು, ಪೇಟೆಯಲ್ಲಿ ಎಣ್ಣೆ ಅಗ್ಗವಂತೆ. ಟೈಲರು ದಾರ ತರಲು ಹೋದ.

ಊರ ಮುಂದೆ ಉಳಿದವರು ನಾಲ್ವರು. ಕೂರಲು ಜಗಲಿಯೂ ಇಲ್ಲ, ಟೈಲರು ಜಗಲಿಯ ಗೇಟಿಗೂ ಬೀಗ ಹಾಕಿದ್ದ. ಅವರು ಮೂವರೂ ಶೆಲ್ಟರಿನಲ್ಲಿ ಕೂತರು. ನಾನು ಸಿಟ್ಟಿಗೆ ಕಂಬದ ಹಿಂದೆ ನಿಂತೆ. ಅಷ್ಟರಲ್ಲಿ ಗೌಡರು ಹುಲ್ಲಿನ ಹೊರೆ ಹೊತ್ತು ಬಂದರು.

"ಬಸ್ ಓಯ್ತಲ್ಲ. ಒಸಿ ಎದ್ದೇಳಿ ಸಾರ್."

ಮೂವರೂ ಎದ್ದರು. ಗೌಡರು ಹುಲ್ಲು ಒಟ್ಟಿದರು. "ಈಗ ಕೂತ್ಕಳಿ, ಮೆತ್ತಗಿರ್ತದೆ." ಮೂವರೂ ಹುಲ್ಲಿನ ಮೇಲೆ ಕೂತರು.

ಡಿಪೋದ ಅಧಿಕಾರಿ ಕೇಳಿದರು. "ಯಜಮಾನ್ರೇ, ಮುಂದಿನ ಬಸ್ಸು ಯಾವಾಗ?"

"ಅದ್ ನಿಮ್ಗೇ ಗೊತ್ತಿರ್ಬೇಕಲ್ವಾ ಸಾರ್?"

"ಅಲ್ಲಯ್ಯಾ, ಶೆಲ್ಟರು ಇಲ್ಲಿಟ್ಟುಕೊಂಡು ಜನ ಅಲ್ಲಿ ಯಾಕೆ ನಿಲ್ತೀರಿ?"

"ಶೆಲ್ಟ್ರು ನಿಲ್ಲಾಕಲ್ಲ ಸಾರ್. ಉದ್ಘಾಟ್ನೆ ಮಾಡಾಕೆ."

ಡ್ರೈವರುಗಳು ನಸುಕಿಗೇ ಮನೆ ಬಿಟ್ಟವರು. ತಿಂಡಿ ಏನಾದರೂ ಆಯಿತೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಪೇಟೆಯಲ್ಲಿ ಹೆಂಗಸರನ್ನು ಇಳಿಸಿ, ಫೋನನ್ನು ಗಾಡಿಯಲ್ಲೇ ಬಿಟ್ಟು, ಹೋಟೆಲಿಗೆ ಹೋಗಿ ನೆಮ್ಮದಿಯಾಗಿ ತಿಂದರು. ಬಿಸಿಲು ಶೆಲ್ಟರಿನೊಳಗೆ ಬಂದು ಹುಲ್ಲಿನ ಮೇಲೆ ಹತ್ತಿ ಕೂತ ಮೇಲೆ ವಾಪಸು ಬಂದರು.

ವರದಿಯ ವಿಷಯ ನಾವೆಲ್ಲ ಕೈಬಿಟ್ಟಿದ್ದೆವು. ಅತ್ತಿಗೆ ಹೊಲಿಗೆ ಮಿಷಿನ್ನಿಗೆ ಸಾಲ ಕೊಡುತ್ತಾರಾ ಎಂದು ವಿಚಾರಿಸಲು ಶುರು ಮಾಡಿದ್ದರು. ಅಷ್ಟರಲ್ಲಿ ಹೊರದೇಶದಿಂದ ಕೊನೆಯ ವರದಿ ಬಂತು. ಕ್ಯಾಮೆರಾದ ಚಿತ್ರದಲ್ಲಿ ಯಾರ ಗುರುತೂ ಸಿಗಬಾರದೆಂದು ಮುಖಗಳನ್ನೆಲ್ಲ ಮಸುಕು ಮಾಡುವುದು ನಿಯಮ. ಮಸುಕು ಮಾಡಿದ ಮೇಲೆ ಅಲ್ಲಿ ಕೂತು ನೋಡಿದವರಿಗೆ ತಮ್ಮ ಪ್ರೊಫೆಸರೇ ಗುರುತಾಗಿರಲಿಲ್ಲ.

ಒಳ್ಳೆ ಸೀರೆಯುಟ್ಟು ನಿಂತ ನಮ್ಮೂರ ಹೆಂಗಸರನ್ನು "ಸ್ಥಳೀಯ ಸಮಾರಂಭ" ಎಂದು ಲೆಕ್ಕದಿಂದ ತೆಗೆದಿದ್ದರು. ಮುಂದಿನದನ್ನು ಎರಡು ಸಲ ಓದಬೇಕಾಯಿತು. ಈ ನಿಲ್ದಾಣದಲ್ಲಿ ಮೂವರು ಪ್ರಯಾಣಿಕರು ಸ್ವಂತ ವಾಹನದಲ್ಲಿ ಬಂದು, ವಾಹನಗಳನ್ನು ಬೇರೆಯವರಿಗೆ ಒಪ್ಪಿಸಿ ಕಳಿಸಿ, ಬಿಸಿಲೇರುವವರೆಗೆ ಬಸ್ಸಿಗಾಗಿ ತಾಳ್ಮೆಯಿಂದ ಕಾದಿದ್ದಾರೆ. ಕಾರು ಬಿಟ್ಟು ಬಸ್ಸಿಗೆ ಜನ ಬಂದದ್ದು ಇಡೀ ಅಧ್ಯಯನದಲ್ಲಿ ಇಲ್ಲೊಂದೇ ಕಡೆ. ಆಸನದ ಮೇಲೆ ಪರಿಸರಸ್ನೇಹಿ ಹುಲ್ಲಿನ ಹಾಸೂ ಇದೆ. ಇದು ಮಾದರಿ ನಿಲ್ದಾಣ. ಬೆಳಗಿನ ಬಸ್ಸನ್ನು ಯಾವ ಕಾರಣಕ್ಕೂ ತೆಗೆಯಕೂಡದು.

ಸಾರ್ ಫೋನು ಮಾಡಿದರು. "ಬಸ್ಸು ಉಳೀತಲ್ಲಮ್ಮ. ಆ ಮೂವರು ಯಾರು ಅಂತ ಮೇಡಂ ಕೂಡ ಎತ್ತಿಲ್ಲ, ಈಗ ನಾವೂ ಎತ್ತೋದು ಬೇಡ." ನಾನು ಎತ್ತಲಿಲ್ಲ.

ಸಂಜೆ ಅತ್ತಿಗೆ ಬಸ್ಸಿಳಿದು ಬಂದು ಕಾಲು ತೊಳೆಯುತ್ತಿದ್ದರು. ಓದಿ ಹೇಳಿದೆ. ಅತ್ತಿಗೆ ಚೊಂಬು ಕೆಳಗಿಟ್ಟರು.

"ಅಂಗಾರೆ ಅಮ್ಮಿ, ಇನ್ನೊಂದ್ ದಿನ ಆ ಮೂವರ್ನೂ ಕರ್ಕಂಡ್ ಬಂದು ಕೂರ್ಸು. ರಾತ್ರಿಗೊಂದ್ ಬಸ್ಸಿಲ್ಲ ನಮ್ಗೆ."